ಸಿಟ್ಟಿಲ್ಲದೆ ಬಿಟ್ಟ ಕಣ್ಣು

ನನಗೆ ಸಿಟ್ಟು ಬೇಗ ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ ಎಂದು ನಾನು ಹೇಳಿಕೊಳ್ಳುತ್ತೇನೆ, ನಮ್ಮವರು ಒಪ್ಪುವುದಿಲ್ಲ. ಆದರೆ ನಾನು ಯಾರ ಮೇಲೂ ಕಣ್ಣು ಬಿಡದೆ ಇದ್ದ ಒಂದು ವರ್ಷವಿತ್ತು. ಊರಿಡೀ ನನ್ನನ್ನು ಮಹಾ ಸಿಟ್ಟಿನವಳೆಂದು ನಂಬಿದ್ದು ಸರಿಯಾಗಿ ಅದೇ ವರ್ಷ.

ಆಗ ಕಿರಿಮಂಜೇಶ್ವರದ ಹೆದ್ದಾರಿ ಬದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿತ್ತು. ರವಿಕೆ, ಲಂಗ, ಶಾಲೆ ಮಕ್ಕಳ ಯೂನಿಫಾರ್ಮು, ಸೀರೆಗೆ ಫಾಲು. ನಮ್ಮವರು ಅಲ್ಲೇ ಸ್ಟ್ಯಾಂಡಿನಲ್ಲಿ ಆಟೊ ಓಡಿಸುತ್ತಿದ್ದರು. ಹೊಲಿಗೆಯವಳ ಕಷ್ಟ ಹೊಲಿಗೆಯಲ್ಲಿಲ್ಲ, ಗಿರಾಕಿಗಳಲ್ಲಿದೆ. ನಾಳೆ ಮದುವೆ ಎಂದರೆ ಇವತ್ತು ಬಟ್ಟೆ ತಂದು ಸ್ಟೂಲಿನ ಮೇಲೆ ಕುಳಿತು, ಗುಂಡಿ ಹಾಕಿ ಮುಗಿಯುವ ತನಕ ಏಳದವರೇ ಹೆಚ್ಚು. ಅಂಥವರು ಆ ವರ್ಷ ಇದ್ದಕ್ಕಿದ್ದಂತೆ ಬದಲಾದರು. ನಾನು ಮೆಷಿನ್ನಿನಿಂದ ತಲೆಯೆತ್ತಿ ನೋಡಿದರೆ ಸಾಕು, "ಅಡ್ಡಿಲ್ಲ ಅಕ್ಕ, ನಿಮ್ಗೆ ಪುರ್ಸೊತ್ತ್ ಆದಾಗ ಕೊಡಿ" ಎಂದು ಹಿಂದೆ ಸರಿಯುತ್ತಿದ್ದರು. ಸ್ಟೂಲು ಖಾಲಿ. ನನಗೆ ಒಳಗೊಳಗೇ ಖುಷಿ. ಇಷ್ಟು ವರ್ಷದ ಮೇಲೆ ಜನ ಕೆಲಸದವಳಿಗೆ ಮರ್ಯಾದೆ ಕೊಡಲು ಕಲಿತರಲ್ಲ ಎಂದುಕೊಂಡೆ.

ಖುಷಿಗೆ ಇನ್ನೊಂದು ಕಾರಣವೂ ಇತ್ತು. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ, ನಾನು ತೆಳ್ಳಗಾಗುತ್ತಿದ್ದೆ. ಊರವರ ರವಿಕೆ ಬಿಡಿಸಿ ಅಗಲ ಮಾಡಿಕೊಡುವುದೇ ನನ್ನ ಕಸುಬಾದರೆ, ನನ್ನದನ್ನು ಮಾತ್ರ ಬಿಗಿ ಮಾಡಿಕೊಳ್ಳುತ್ತಿದ್ದೆ. ಎದೆ ಡವಡವ ಎನ್ನುತ್ತಿತ್ತು, ಬೆವರು ಸುರಿಯುತ್ತಿತ್ತು, ಸೂಜಿ ಹಿಡಿದ ಬೆರಳು ನಡುಗುತ್ತಿತ್ತು. ಕರಾವಳಿಯ ಸೆಕೆಯಲ್ಲಿ ಬೆವರುವುದೂ ಒಂದು ಕಾಯಿಲೆಯೇ? ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತಿದ್ದುದಕ್ಕೆ ಲಾರಿಗಳ ಧೂಳನ್ನು ಬೈದೆ. ಪಕ್ಕದ ಮನೆಯವರು ಇದೆಲ್ಲ ಉಷ್ಣ ಎಂದು ನಂದಿಬಟ್ಟಲ ಹೂ ಕೊಟ್ಟರು. ಕಣ್ಣಿಗೆ ಇಟ್ಟುಕೊಂಡೆ, ತಂಪಾಯಿತು, ಅಷ್ಟೇ.

ಮಧ್ಯಾಹ್ನ ಕುರ್ಚಿಯಲ್ಲೇ ಸ್ವಲ್ಪ ಕಣ್ಣು ಮುಚ್ಚುವ ಅಭ್ಯಾಸ ನನಗೆ. ಒಂದು ದಿನ ಯಾರೋ ಬಂದು ತೋಳು ಎಷ್ಟು ಉದ್ದ, ಕುತ್ತಿಗೆ ಎಷ್ಟು ಆಳ ಎಂದೆಲ್ಲ ನನ್ನ ಎದುರು ನಿಂತು ವಿವರಿಸಿ, ನಾನು ಹೂಂ ಎನ್ನಲೂ ಇಲ್ಲ ಎಂದು ಬೇಸರಪಟ್ಟುಕೊಂಡು ಹೋದರಂತೆ. ನಾನು ನಿದ್ದೆಯಲ್ಲಿದ್ದೆ. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ.

ಇಷ್ಟರಲ್ಲೇ ಅತ್ತಿಗೆಯ ಪ್ರಕರಣ ನಡೆಯಿತು. ಅತ್ತಿಗೆ ಎಂದರೆ ನಮ್ಮವರ ಅಕ್ಕ. ಗಂಡನ ಜೊತೆ ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಮಕ್ಕಳಿಗೆ ಅದನ್ನು ಬಿಟ್ಟುಕೊಟ್ಟು ಊರಿಗೆ ಬಂದು ನೆಲೆಸಿದವರು. ಕುಂದಾಪ್ರ ಕನ್ನಡದ ನಡುವೆ ಹಿಂದಿ ತೂರಿಸಿ ಮಾತಾಡುವುದು ಅವರ ಕ್ರಮ. ಮನೆಯಲ್ಲಿ ಅವರ ಮಾತು ಮೀರಿದವರಿಲ್ಲ. ಅವರು ತಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಹೇಳಿಕೆ ಕೊಡಲು ನನ್ನ ಅಂಗಡಿಗೆ ಬಂದರು. ನಮ್ಮಲ್ಲಿ ಹತ್ತಿರದವರಿಗೆ ಕಾರ್ಡು ಕೊಟ್ಟರೆ ಸಾಲದು, ಬಾಗಿಲಿಗೆ ಬಂದು ಬಾಯಾರೆ ಹೇಳಬೇಕು. ಕೇಳಿಸಿಕೊಂಡವರು ನಗುಮುಖದಿಂದ ಬರುತ್ತೇವೆ ಎನ್ನಬೇಕು. ನಾನು ಮೆಷಿನ್ ನಿಲ್ಲಿಸಿ ತಲೆಯೆತ್ತಿದೆ. "ಬನ್ನಿ ಅತ್ಗಿ" ಎನ್ನುವಷ್ಟರಲ್ಲಿ ಅವರ ಮುಖ ಕಪ್ಪಿಟ್ಟಿತು. ಹೇಳಿಕೆಯನ್ನು ಅರ್ಧಕ್ಕೇ ನುಂಗಿ ತಿರುಗಿ ನಡೆದೇಬಿಟ್ಟರು.

ಸಂಜೆ ನಮ್ಮವರು ಜೋಲು ಮುಖ ಹಾಕಿಕೊಂಡು ಬಂದರು. "ನಿನ್ ಹೆಂಡ್ತಿ ನನ್ ಮೇಲ್ ಕಣ್ಣ್ ಬಿಟ್ಳ್ ಅಂತ ಅಕ್ಕ ಹೇಳ್ತ್ರ್. ಎಂತ ಮಾಡ್ದೆ ಮಾರಾಯ್ತಿ?"

"ಎಂತದೂ ಮಾಡ್ಲಿಲ್ಲೆ" ಎಂದೆ. ಆಗ ಮಾತ್ರ ನಿಜವಾಗಿ ಸಿಟ್ಟು ಬಂತು. ಮಾಡದ ತಪ್ಪಿಗೆ ನಾನ್ಯಾಕೆ ಹೋಗಿ ಕಾಲು ಹಿಡಿಯಲಿ? ಪೂಜೆಗೆ ನಾನು ಹೋಗಲಿಲ್ಲ, ಪ್ರಸಾದವನ್ನು ಅವರು ಕಳಿಸಲಿಲ್ಲ. ಎರಡು ಮನೆಗಳ ನಡುವೆ ಒಂದು ಗದ್ದೆಯಷ್ಟೇ ಅಂತರ. ಅದನ್ನು ದಾಟದೆ ಮಳೆಗಾಲ ಪೂರ್ತಿ ಕಳೆದೆವು.

ಮಾತು ಬಿಟ್ಟವರನ್ನು ಕೂಡಿಸಲು ನಮ್ಮ ಕಡೆ ಪಂಚಾಯಿತಿ ಬೇಡ, ಹೊಸ್ತು ಇದೆ. ಗದ್ದೆಯಲ್ಲಿ ಕದಿರು ಬಂದ ಮೇಲೆ ಅದನ್ನು ಮನೆಗೆ ತಂದು ಕಂಬಕ್ಕೆ, ಬಾಗಿಲಿಗೆ ಕಟ್ಟಿ, ಹೊಸ ಅಕ್ಕಿ ಹಾಕಿದ ಊಟವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ದಿನ ಅದು. ಎಲೆಗೆ ಬಡಿಸಿದ ತಕ್ಷಣ ಕೈ ಹಾಕುವಂತಿಲ್ಲ. ಕಿರಿಯರು ಪ್ರತಿಯೊಬ್ಬ ಹಿರಿಯರ ಬಳಿ ಹೋಗಿ ನಮಸ್ಕರಿಸಿ "ಹೊಸ್ತ್ ಉಂತೆ" ಎನ್ನಬೇಕು. ಅವರು "ಉಣ್" ಎನ್ನಬೇಕು. ಮಾತು ಬಿಟ್ಟಿದ್ದೇವೆ ಎಂದು ಒಬ್ಬರನ್ನು ಹಾರಿಸಿ ಹೋಗುವ ಹಾಗಿಲ್ಲ. ಇಂಥ ಕ್ರಮವನ್ನು ಮಾಡಿಟ್ಟವರಿಗೆ ಅತ್ತಿಗೆ ನಾದಿನಿಯರ ವಿಷಯ ಚೆನ್ನಾಗಿ ತಿಳಿದಿತ್ತು.

ಆ ಸಲ ಹೊಸ್ತು ಅತ್ತಿಗೆಯ ಮನೆಯಲ್ಲೇ. ಎಲ್ಲರಿಗೂ ಹೇಳಿ ಮುಗಿಸಿ ಕಡೆಗೆ ಅವರ ಎದುರು ಬಗ್ಗಿದೆ. ಎದ್ದು ನಿಂತು, ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡೇ "ಹೊಸ್ತ್ ಉಂತೆ, ಅತ್ಗಿ" ಎಂದೆ. ಅವರು ಗೋಡೆ ನೋಡುತ್ತ "ಉ..." ಎಂದವರು ನನ್ನ ಮುಖದ ಮೇಲೆ ಕಣ್ಣು ಬಿದ್ದು ಅಲ್ಲೇ ನಿಂತರು. ಅಷ್ಟು ಹತ್ತಿರದಿಂದ ನಾವು ಒಬ್ಬರನ್ನೊಬ್ಬರು ನೋಡಿ ತಿಂಗಳುಗಳಾಗಿದ್ದವು. ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು.

"ಒಂದ್ಸಲ ನೆಗಾಡ್ ಕಾಂಬ" ಎಂದರು.

ಇಡೀ ಮನೆ ನೋಡುತ್ತಿತ್ತು. ನನಗೆ ನಾಚಿಕೆಯಾಗಿ ನಗು ಬಂದೇ ಬಂತು.

"ಬಾಯಿ ನೆಗಾಡ್ತಿತ್, ಕಣ್ಣ್ ಮಾತ್ರ ಹಾಂಗೇ ನಿಂತಿತ್. ಗುಡ್ಡಿ ಮೇಲೆಲ್ಲ ಬಿಳಿ ಕಾಂತಿತ್ತ್. ಅರೇ ಪಾಗಲ್, ಇದ್ ಸಿಟ್ಟಲ್ಲ ಹೆಣೆ, ಸೀಕ್!" ಎಂದು ಕೂಗಿದರು. ಮರುಕ್ಷಣ ಸ್ವರ ಇಳಿಸಿ, "ನಾನ್ ಸುಮ್ನೆ ನಿನ್ನ ಮೇಲ್ ಸಿಟ್ಟ್ ಮಾಡ್ಕಂಡೆ" ಎಂದರು. ಅತ್ತಿಗೆಯ ಬಾಯಿಂದ ಅಂಥ ಮಾತು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. "ಈಗ ಉಣ್. ನಾಳೆ ಕುಂದಾಪ್ರಕ್ಕೆ ಹೋಪ."

ಆ ದಿನದ ಪಾಯಸದ ರುಚಿ ನನಗೆ ಇವತ್ತಿಗೂ ನೆನಪಿದೆ. ಅತ್ತಿಗೆ ಎರಡೆರಡು ಸಲ ಬಡಿಸಿದರು.

ಕುಂದಾಪುರದ ಡಾಕ್ಟರು ಕುತ್ತಿಗೆ ಮುಟ್ಟಿ, ಕೈ ಚಾಚಿಸಿ ನಡುಕ ನೋಡಿ, ರಕ್ತ ಪರೀಕ್ಷೆಗೆ ಬರೆದರು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಗೊತ್ತಾಯಿತು. ಅದಕ್ಕೆ ಮಾತ್ರೆ ಕೊಟ್ಟು, ಕಣ್ಣಿಗಾಗಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸಾಲಿಗ್ರಾಮ, ಬ್ರಹ್ಮಾವರ ದಾಟಿ ಹೋಗುವ ಆ ದಾರಿ ಮುಂದೆ ನಮ್ಮಿಬ್ಬರಿಗೆ ಮನೆಯ ಅಂಗಳದಷ್ಟೇ ಪರಿಚಯವಾಯಿತು.

ಅಲ್ಲಿನ ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವಸರವಿಲ್ಲದೆ ಮಾತಾಡುವವರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಥೈರಾಯ್ಡಿನ ಮೇಲೂ ಕಣ್ಣಿನ ಹಿಂದಿನ ಕೊಬ್ಬು, ಸ್ನಾಯುಗಳ ಮೇಲೂ ತಿರುಗಿ ಬಿದ್ದಿದೆ ಎಂದರು. ಅವು ಊದಿಕೊಂಡಿವೆ. ಸುತ್ತ ಎಲುಬಿನ ಗೂಡು, ಅದು ಹಿಗ್ಗುವುದಿಲ್ಲ. ಹಾಗಾಗಿ ಕಣ್ಣು ಮುಂದಕ್ಕೆ ಬರುತ್ತದೆ, ರೆಪ್ಪೆ ಮೇಲೆ ಸರಿಯುತ್ತದೆ.

ಅತ್ತಿಗೆ ತಲೆಯಾಡಿಸಿದರು. "ಕೊಟ್ಟೆಗೆ ಹಿಟ್ಟ್ ಹೆಚ್ಚ್ ಹೊಯ್ದ್ರೆ ಬೇಯುವತ್ತಿಗೆ ಕಡ್ಬ್ ಮೇಲ್ ಉಬ್ಬಿ ಬತ್ತಿಲ್ಯಾ, ಹಾಂಗೆ." ಡಾಕ್ಟರಿಗೆ ಹಲಸಿನೆಲೆಯ ದೊನ್ನೆಯಲ್ಲಿ ಬೇಯಿಸುವ ಕೊಟ್ಟೆ ಕಡುಬು ಗೊತ್ತಿರಲಿಲ್ಲ. ಮುಂದಿನ ಸಲ ಅತ್ತಿಗೆ ಡಬ್ಬಿಯಲ್ಲಿ ತಂದು ತೋರಿಸಿದರು. ಡಾಕ್ಟರು ಸರಿಯಾದ ಮಾತು ಎಂದು ಒಪ್ಪಿ, ತಿಂದೂ ಬಿಟ್ಟರು.

ಮಾತ್ರೆಯಿಂದ ಥೈರಾಯ್ಡ್ ಹದಕ್ಕೆ ಬಂದರೂ ಕಣ್ಣು ತನ್ನ ದಾರಿಯಲ್ಲೇ ಹೋಗುತ್ತದೆ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಈ ಕಾಯಿಲೆ ಒಂದೆರಡು ವರ್ಷ ಕುದಿಯುತ್ತದೆ, ಆಮೇಲೆ ತಣಿಯುತ್ತದೆ. ಕುದಿಯುವಾಗ ಕಣ್ಣನ್ನು ಕಾಪಾಡಿಕೊಳ್ಳಬೇಕು, ತಣಿದ ಮೇಲೆ ಉಳಿದದ್ದನ್ನು ಆಪರೇಷನ್ ಮಾಡಿ ಸರಿಪಡಿಸಬಹುದು. ಕಣ್ಣು ಒಣಗದಂತೆ ಹನಿ ಮದ್ದು, ಮಲಗುವಾಗ ಮುಲಾಮು, ತಲೆಗೆ ಎತ್ತರದ ದಿಂಬು, ರೆಪ್ಪೆಗೆ ಪಟ್ಟಿ. ಆಮೇಲೆ ಒಂದು ಪ್ರಶ್ನೆ ಕೇಳಿದರು, ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಾರಾ ಎಂದು. ಈ ಕಣ್ಣಿಗೆ ಹೊಗೆಯಷ್ಟು ಕೆಟ್ಟದ್ದು ಬೇರೆ ಇಲ್ಲವಂತೆ, ಪಕ್ಕದಲ್ಲಿ ಸೇದಿದವರದ್ದೂ ಒಳ್ಳೆಯದಲ್ಲವಂತೆ.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಎದ್ದು ನಿಂತಿದ್ದರು. ನಮ್ಮವರು ಬೀಡಿ ಬಿಡುತ್ತೇನೆಂದು ಎಷ್ಟೋ ಸಲ ಹೇಳಿದ್ದರು, ಬೀಡಿ ಅವರನ್ನು ಬಿಟ್ಟಿರಲಿಲ್ಲ. ಅತ್ತಿಗೆ ಬಸ್ಸಿಳಿದು ನೇರ ಆಟೊ ಸ್ಟ್ಯಾಂಡಿಗೆ ಹೋಗಿ, ಎಲ್ಲರ ಎದುರು ತಮ್ಮನ ಕಿಸೆಗೆ ಕೈ ಹಾಕಿ ಬೀಡಿ ಕಟ್ಟು ತೆಗೆದು ಚರಂಡಿಗೆ ಎಸೆದರು. "ಇನ್ನೊಂದ್ ಎಳ್ದದ್ ಕಂಡ್ರೆ ನಿನ್ ಆಟೊಕ್ಕೇ ಬೆಂಕಿ ಇಡ್ತೆ" ಎಂದರು. ನಮ್ಮವರು ಲವಂಗ ಅಗಿಯಲು ಶುರು ಮಾಡಿದರು. ಮೊದಲ ಕೆಲವು ವಾರ ಮನೆಯಲ್ಲಿ ನನಗಿಂತ ಅವರ ಕಣ್ಣೇ ಹೆಚ್ಚು ಕೆಂಪಾಗಿತ್ತು. ಆದರೂ ಬಿಟ್ಟರು, ಪೂರ್ತಿ ಬಿಟ್ಟರು. ನನಗಾಗಿ ಅವರು ಮಾಡಿದ ಕೆಲಸಗಳಲ್ಲಿ ನನಗೆ ಅತಿ ಪ್ರೀತಿಯದು ಇದೇ.

ಊರವರೂ ಸುಮ್ಮನಿರಲಿಲ್ಲ. ಥೈರಾಯ್ಡ್ ಎಂದರೆ ಅಯೋಡಿನ್ ಕಮ್ಮಿ ಎಂದು ಶಾಲೆಯಲ್ಲಿ ಓದಿದ್ದವರೆಲ್ಲ ಉಪ್ಪಿನ ಪ್ಯಾಕೆಟ್ಟು, ಒಣ ಸಿಗಡಿ ತಂದುಕೊಟ್ಟರು. ನನ್ನದು ಕಮ್ಮಿಯದ್ದಲ್ಲ, ಹೆಚ್ಚಿನದ್ದು ಎಂದರೆ ಯಾರೂ ನಂಬಲಿಲ್ಲ. ಸಿಗಡಿಯನ್ನು ಅತ್ತಿಗೆ ಚಟ್ನಿ ಮಾಡಿ ತಾವೇ ತಿಂದರು.

ಇಷ್ಟೆಲ್ಲ ನಗೆಯ ನಡುವೆ ಡಾಕ್ಟರು ಹೇಳಿದ ಒಂದು ಮಾತನ್ನು ಮಾತ್ರ ನಾನು ಮರೆತಿರಲಿಲ್ಲ. ಊತ ಹೆಚ್ಚಾದರೆ ಕಣ್ಣಿನ ಹಿಂದಿನ ನರ ಹಿಸುಕಿಹೋಗಿ ದೃಷ್ಟಿಯೇ ಹೋಗಬಹುದು. ಅದರ ಮುನ್ಸೂಚನೆ ಬಣ್ಣದಲ್ಲಿ ಕಾಣುತ್ತದೆ, ಅದರಲ್ಲೂ ಕೆಂಪಿನಲ್ಲಿ. ದಿನಾ ಒಂದೊಂದೇ ಕಣ್ಣು ಮುಚ್ಚಿ ಕೆಂಪು ವಸ್ತುವೊಂದನ್ನು ನೋಡಿ, ಮಂಕಾಗಿ ಕಂಡರೆ ಒಂದು ದಿನವೂ ಕಾಯಬೇಡಿ ಎಂದಿದ್ದರು. ಹೊಲಿಗೆಯವಳಿಗೆ ಕೆಂಪಿಗೇನು ಬರ? ಕುಂಕುಮ ಕೆಂಪಿನ ಒಂದು ನೂಲಿನ ರೀಲನ್ನು ಮೆಷಿನ್ನಿನ ಮೇಲೇ ಇಟ್ಟುಕೊಂಡೆ. ಬಾಗಿಲು ತೆರೆದ ತಕ್ಷಣ ಅದರ ದರ್ಶನ.

ಒಂದು ಬೆಳಿಗ್ಗೆ ಎಡಗಣ್ಣಿಗೆ ರೀಲು ಇಟ್ಟಿಗೆಯ ಬಣ್ಣದ್ದಾಗಿ ಕಂಡಿತು. ಬಿಸಿಲಿಗೆ ಮಾಸಿರಬೇಕು ಎಂದುಕೊಂಡು ಪೆಟ್ಟಿಗೆಯಿಂದ ಹೊಸದು ತೆಗೆದೆ. ಅದೂ ಹಾಗೇ. ಕಳಪೆ ಮಾಲು ಕಳಿಸಿದ್ದಾನೆ ಎಂದು ಕುಂದಾಪುರದ ಅಂಗಡಿಯವನನ್ನು ಬೈಯಲು ಫೋನಿನ ಬಳಿ ಹೋದವಳು, ಬಲಗಣ್ಣಿನಿಂದ ನೋಡಿದೆ. ಕುಂಕುಮವೇ. ಅಂಗಡಿಯವನಿಗೆ ಮಾಡಬೇಕಿದ್ದ ಫೋನನ್ನು ಅತ್ತಿಗೆಗೆ ಮಾಡಿದೆ.

ನನ್ನ ಸ್ವರ ಕೇಳಿಯೇ ಅವರು ಬೇರೇನೂ ಕೇಳಲಿಲ್ಲ. "ಅಂಗ್ಡಿ ಬಾಗ್ಲ್ ಹಾಕ್ಕಂಡ್ ನಿಲ್ಲ್, ಬಂದೆ" ಎಂದರು. ನಮ್ಮವರ ಆಟೊದಲ್ಲೇ ಹೊರಟೆವು. ಎಂದೂ ಕೈ ಹಿಡಿಯದ ಅತ್ತಿಗೆ ಅವತ್ತು ಕುಂದಾಪುರದ ತನಕ ನನ್ನ ಕೈ ಬಿಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಮೆಷಿನ್ನು, ಬಣ್ಣಬಣ್ಣದ ನೂಲು, ಸೀರೆಯ ಅಂಚಿಗೆ ಸರಿಹೊಂದುವ ಬಟ್ಟೆ ಹುಡುಕುವ ಸುಖ, ಎಲ್ಲವೂ ಎರಡು ಕಣ್ಣಿನ ಮೇಲೆ ನಿಂತಿತ್ತು. ಕಣ್ಣು ಹೋದರೆ ನಾನು ಯಾರು?

ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ಅಡ್ಮಿಟ್ ಮಾಡಿದರು, ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಇದಕ್ಕೆ ಬಗ್ಗದಿದ್ದರೆ ಗೂಡಿನ ಎಲುಬನ್ನು ಸ್ವಲ್ಪ ತೆಗೆದು ಜಾಗ ಮಾಡಬೇಕಾಗುತ್ತದೆ ಎಂದರು. ಅದೃಷ್ಟಕ್ಕೆ ಬಗ್ಗಿತು. ನಾನು ರೀಲನ್ನು ಸೆರಗಿಗೆ ಕಟ್ಟಿಕೊಂಡೇ ಹೋಗಿದ್ದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಕುಳಿತು ನೋಡುತ್ತಿರುವಾಗ ಇಟ್ಟಿಗೆ ಮೆಲ್ಲಮೆಲ್ಲನೆ ದಾಸವಾಳವಾಯಿತು, ದಾಸವಾಳ ಕುಂಕುಮವಾಯಿತು. ಸಂತೋಷ ತಡೆಯಲಾರದೆ ಪಕ್ಕದ ಹಾಸಿಗೆಯವರಿಗೆಲ್ಲ ರೀಲು ತೋರಿಸಿದೆ. ಪಾಪ, ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಮುಂದೆ ಕೆಲವು ತಿಂಗಳು ವಾರಕ್ಕೊಮ್ಮೆ ಡ್ರಿಪ್. ಆ ಪ್ರಯಾಣಗಳು ನಮಗೆ ಸಣ್ಣ ಪ್ರವಾಸವೇ ಆದವು. ಹೋಗುವಾಗ ಬ್ರಹ್ಮಾವರದಲ್ಲಿ ಇಳಿದು ಬನ್ಸು, ಚಹಾ. ಬರುವಾಗ ಸಾಲಿಗ್ರಾಮದಲ್ಲಿ ಅತ್ತಿಗೆಗೆ ತರಕಾರಿ ಚೌಕಾಸಿ. ಅಂಗಡಿಯವರು ಬಗ್ಗದಿದ್ದರೆ ನನ್ನನ್ನು ಮುಂದೆ ದೂಡುತ್ತಿದ್ದರು. "ಹೆಣೆ, ಒಂದ್ಸಲ ಕಾಣ್ ಅವ್ನನ್ನ!" ನಾನು ಸುಮ್ಮನೆ ನೋಡುತ್ತಿದ್ದೆ. ಬದನೆಕಾಯಿ ಅಗ್ಗವಾಗುತ್ತಿತ್ತು.

ದೃಷ್ಟಿ ಉಳಿಯಿತು, ಕಾಯಿಲೆ ತಣಿಯಿತು. ಆದರೆ ಹೋಗುವಾಗ ಅದು ಒಂದನ್ನು ಎರಡು ಮಾಡಿಟ್ಟು ಹೋಯಿತು. ಕಣ್ಣಿನ ಕೆಳಗಿನ ಸ್ನಾಯು ಗಡುಸಾಗಿ ಎಡಗಣ್ಣು ಮೇಲಕ್ಕೆ ಏಳುತ್ತಿರಲಿಲ್ಲ. ಬಟ್ಟೆಯ ಮೇಲೆ ಒಂದು ಚಾಕಿನ ಗೆರೆ ಎಳೆದರೆ ಒಂದರ ಮೇಲೊಂದು ಎರಡು ಗೆರೆ. ಯಾವುದರ ಮೇಲೆ ಕತ್ತರಿ ಹಾಕಲಿ? ನಮ್ಮವರು ಇಬ್ಬರು, ಅತ್ತಿಗೆಯೂ ಇಬ್ಬರು. ಒಬ್ಬ ಅತ್ತಿಗೆಯನ್ನು ನಿಭಾಯಿಸುವುದೇ ಕಷ್ಟ ಎಂದು ಹೇಳಿ ಬೈಸಿಕೊಂಡೆ. ಒಂದು ಕಣ್ಣು ಮುಚ್ಚಿದರೆ ಎಲ್ಲವೂ ಒಂದೇ. ಹಾಗಾಗಿ ರವಿಕೆ ತುಂಡುಗಳಲ್ಲಿ ಕಣ್ಣಿಗೆ ಮುಚ್ಚಳ ಹೊಲಿದುಕೊಂಡೆ. ಉಟ್ಟ ಸೀರೆಗೆ ಮ್ಯಾಚಿಂಗ್. ಹಬ್ಬಕ್ಕೆ ಜರಿಯಂಚಿನದು. ಗಿರಾಕಿಗಳು ಇವತ್ತು ಯಾವ ಬಣ್ಣ ಎಂದು ನೋಡಲೆಂದೇ ಬರುತ್ತಿದ್ದರು, ಸ್ಟೂಲು ಮತ್ತೆ ತುಂಬಿತು. ಒಳಗೆ ಮಾತ್ರ ಒಂದು ಆಸೆ ಕೊರೆಯುತ್ತಿತ್ತು. ಎರಡೂ ಕಣ್ಣು ತೆರೆದುಕೊಂಡು ಲೋಕವನ್ನು ಒಂದಾಗಿ ನೋಡಬೇಕು.

ಕಣ್ಣು ಬಹಳ ಕಾಲ ಬದಲಾಗದೆ ನಿಂತ ಮೇಲೆಯೇ ಸ್ನಾಯುವಿನ ಆಪರೇಷನ್, ಅವಸರ ಮಾಡಿದರೆ ಮಾಡಿದ್ದೆಲ್ಲ ಹಾಳು ಎಂದು ಡಾಕ್ಟರು ಕಾಯಿಸಿದರು. ಸಿಟ್ಟಿನವಳಿಗೆ ಕಾಯುವುದಕ್ಕಿಂತ ದೊಡ್ಡ ಮದ್ದಿಲ್ಲ. ಕೊನೆಗೂ ಆ ದಿನ ಬಂತು. ಮರುದಿನ ಪಟ್ಟಿ ಬಿಚ್ಚಿದಾಗ ನಾನು ಕಣ್ಣು ತೆರೆದೆ. ಮುಲಾಮು, ನೀರು, ಊತ. ಎದುರು ಏನೋ ಬೆಳ್ಳಗೆ ಕಂಡಿತು, ಅದು ಡಾಕ್ಟರೋ ಗೋಡೆಯೋ ತಿಳಿಯಲಿಲ್ಲ. ಈಗಲೇ ಪರೀಕ್ಷೆ ಮಾಡಿಕೊಳ್ಳಬೇಡಿ, ಊತ ಇಳಿಯಲಿ, ಎದುರಿಗೆ ನೇರ ನೋಡಿದಾಗ ಒಂದಾದರೆ ನಾವು ಗೆದ್ದ ಹಾಗೆ ಎಂದರು.

ಅಲ್ಲಿ ಎರಡು ದಿನ ಉಳಿಸಿಕೊಂಡು ಮನೆಗೆ ಕಳಿಸಿದರು. ಬಸ್ಸಿನಲ್ಲಿ ಹೆಂಗಸರ ಸೀಟು ಮುಂದೆ, ಡ್ರೈವರನ ಹತ್ತಿರವೇ. ಕಪ್ಪು ಕನ್ನಡಕ ಹಾಕಿ, ಅತ್ತಿಗೆಯ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಕುಳಿತೆ. ತೆರೆಯಲು ಧೈರ್ಯವಿರಲಿಲ್ಲ. ಕುಂದಾಪುರ ಹೋಯಿತು, ಹೆಮ್ಮಾಡಿ ಹೋಯಿತು. ತ್ರಾಸಿ ದಾಟಿದ ಮೇಲೆ ಸಮುದ್ರದ ಗಾಳಿ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ಸುರಿಯಿತು. ಒರೆಸಿಕೊಳ್ಳಲೆಂದು ಕನ್ನಡಕ ತೆಗೆದೆ. ಮರವಂತೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಬಸ್ಸಿನವರೆಲ್ಲ ಕಡಲ ಕಡೆ ತಿರುಗಿದ್ದರು. ನಾನು ಎದುರಿಗೆ ನೋಡಿದೆ. ಡಾಂಬರಿನ ನಡುವೆ ಬಿಳಿ ಗೆರೆಯೊಂದು ಓಡುತ್ತಿತ್ತು. ಕಣ್ಣು ಮಿಟುಕಿಸಿದೆ. ಎಡಗಣ್ಣು ಮುಚ್ಚಿದೆ, ತೆರೆದೆ. ಬಲಗಣ್ಣು ಮುಚ್ಚಿದೆ, ತೆರೆದೆ. ಗೆರೆ ಅಲುಗಲಿಲ್ಲ, ಅದಕ್ಕೆ ಜೊತೆಗಾರ್ತಿ ಹುಟ್ಟಲಿಲ್ಲ.

"ಅತ್ಗಿ, ಒಂದೇ ಕಾಂತಿತ್ತ್" ಎಂದೆ.

"ಎಂತ ಒಂದ್?"

"ರಸ್ತಿ."

ತೂಕಡಿಸುತ್ತಿದ್ದ ಅತ್ತಿಗೆ ನೆಟ್ಟಗೆ ಎದ್ದು ನಿಂತರು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿದು, ಹಿಂದಿನ ಬಾಗಿಲಿನ ತನಕ ಕೇಳುವ ಹಾಗೆ ಕೂಗಿದರು. "ಹ್ವಾಯ್ ಕಂಡಕ್ಟ್ರೇ! ನಮ್ ಹೆಣ್ಣಿಗೆ ರಸ್ತಿ ಒಂದೇ ಕಾಂತಿತ್ತ್ ಮರ್ರೆ!"

ಕಂಡಕ್ಟರ್ ಟಿಕೆಟ್ ಹರಿಯುವುದು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. "ಒಂದೇ ಇಪ್ಪುದಲ್ದಾ ಅಮ್ಮ? ಎರಡ್ ಎಲ್ಲಿತ್?"

ಬಸ್ಸು ಇಡೀ ನಕ್ಕಿತು. ಅತ್ತಿಗೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಕುಳಿತರು. ನನಗೂ ನಗು, ನನಗೂ ಅಳು. ಆದರೆ ಅಳುತ್ತ ಕುಳಿತರೆ ಗೆರೆ ಮಸುಕಾಗುತ್ತದೆ ಎಂದು ತಡೆದುಕೊಂಡೆ. ಎರಡೂ ಕಣ್ಣು ತೆರೆದು, ಆ ಒಂದೇ ರಸ್ತೆಯನ್ನು ನೋಡುತ್ತ ನೋಡುತ್ತ ಮನೆ ತಲುಪಿದೆ.